ಎರಡು ಡಿಗ್ರಿ

ಸೇನೆಯ ಅಗ್ನಿವೀರ ಭರ್ತಿ ರ‍್ಯಾಲಿಗೆ ಹೋಗಿದ್ದ ನನ್ನ ಅಕ್ಕನ ಮಗ, ಬೆಳಗಿನ ಜಾವದ ಬಸ್ಸಿಗೆ ದಾವಣಗೆರೆಯಲ್ಲಿ ಇಳಿದವನು, ಜಗಳೂರು ತಾಲ್ಲೂಕಿನ ತನ್ನ ಊರಿನ ದಾರಿ ಹಿಡಿಯದೆ ನೇರವಾಗಿ ನಮ್ಮ ಮನೆಗೆ ಬಂದ. ಬ್ಯಾಗು ಇಳಿಸುವ ಮೊದಲೇ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಚೀಟಿಯೊಂದನ್ನು ತೆಗೆದು ನನ್ನ ಕೈಗಿಟ್ಟು, ನಾನು ಓದುವುದನ್ನೇ ನೋಡುತ್ತ ಬಾಗಿಲ ಬಳಿ ನಿಂತ. ಚೀಟಿಯಲ್ಲಿ ಅವನನ್ನು ಅನರ್ಹನೆಂದು ಗುರುತಿಸಿ ಎರಡು ಕಾರಣಗಳನ್ನು ಬರೆದಿದ್ದರು. ಒಂದು, ಎರಡೂ ಕಿವಿಗಳಲ್ಲಿ ಗುಗ್ಗೆ. ಇನ್ನೊಂದು, ಎಡ ಮೊಣಕೈಯ ಕೋನ 17 ಡಿಗ್ರಿ. ಅದರ ಕೆಳಗೆ, ಒಪ್ಪಿಗೆಯಿಲ್ಲದಿದ್ದರೆ ಐದು ದಿನಗಳೊಳಗೆ ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಮರುಪರೀಕ್ಷೆಗೆ ಹಾಜರಾಗಬೇಕೆಂಬ ಸೂಚನೆ ಇತ್ತು.

“ಮಾವ, ಓಟ 5 ನಿಮಿಷ 22 ಸೆಕೆಂಡಿಗೆ ಮುಗಿಸಿದ್ದೆ. ಬೀಮ್ ಹತ್ತೂ ಎಳೆದಿದ್ದೆ,” ಎಂದ. ಅಷ್ಟು ಹೇಳಿ ಸುಮ್ಮನಾದ.

ಈ ಲೆಕ್ಕ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರ‍್ಯಾಲಿಯ ಮೈದಾನದಲ್ಲಿ 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ಣ 60 ಅಂಕ, ಬೀಮ್ ಎಂಬ ಅಡ್ಡಕಂಬಿಗೆ ಜೋತು ಹತ್ತು ಸಲ ಗದ್ದ ಮೇಲೇರಿಸಿದವರಿಗೆ ಪೂರ್ಣ 40 ಅಂಕ. 9 ಅಡಿಯ ಹಳ್ಳ ಹಾರುವುದಕ್ಕೂ ಹಾವಿನಂತೆ ಸುತ್ತಿದ ಹಲಗೆಯ ಮೇಲೆ ನಡೆಯುವುದಕ್ಕೂ ಅಂಕಗಳಿಲ್ಲ, ದಾಟಿದರೆ ಸಾಕು. ಗಣಿತದಲ್ಲಿ ನನ್ನ ಕೈಯಿಂದ ಒಮ್ಮೆಯೂ ನೂರಕ್ಕೆ ನೂರು ತೆಗೆದುಕೊಳ್ಳದ ಈ ಹುಡುಗ ಮೈದಾನದಲ್ಲಿ ನೂರಕ್ಕೆ ನೂರು ತೆಗೆದುಕೊಂಡಿದ್ದ. ಅದಕ್ಕಾಗಿ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು, ನಸುಕಿನಲ್ಲಿ ಎದ್ದು ಕುಂದವಾಡ ಕೆರೆಯ ಏರಿಯ ಮೇಲೆ ಓಡಿದ್ದ. ಅಗ್ನಿವೀರರಾಗಲು ಆಗ ವಯಸ್ಸು ಹದಿನೇಳೂವರೆಯಿಂದ 21ರ ಒಳಗಿರಬೇಕಿತ್ತು, ಮುಂದಿನ ವರ್ಷದ ಭರ್ತಿಯ ಹೊತ್ತಿಗೆ ಅವನಿಗೆ 21 ದಾಟುತ್ತಿತ್ತು. ಹೀಗಾಗಿ ಆ ಚೀಟಿಯಲ್ಲಿದ್ದ ಐದು ದಿನಗಳೇ ಅವನ ಪಾಲಿಗೆ ಉಳಿದಿದ್ದ ಸೈನ್ಯ.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವನು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಕೋನ ಅಳೆಯುವುದನ್ನು ಕಲಿಸಿದ್ದರೂ, ಮನುಷ್ಯನ ಮೊಣಕೈಗೆ ಒಂದು ಕೋನವಿದೆ, ಅದಕ್ಕೊಂದು ಮಿತಿಯಿದೆ, ಅದನ್ನು ಮೀರಿದರೆ ಬಂದೂಕು ಹಿಡಿಯುವ ಕೆಲಸ ಸಿಗುವುದಿಲ್ಲ ಎಂಬುದು ಆ ದಿನದವರೆಗೆ ನನಗೆ ತಿಳಿದಿರಲಿಲ್ಲ. ಓದಿದ ಮೇಲೆ ಅದು ಬಹಳ ಸರಳವಾಗಿ ಕಂಡಿತು. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ಅಂಗೈಗಳನ್ನು ಮುಂದಕ್ಕೆ ತಿರುಗಿಸಿ ನಿಂತರೆ, ಮೊಣಕೈಯಿಂದ ಕೆಳಗಿನ ಭಾಗವು ತೋಳಿನ ನೇರಕ್ಕೆ ಇಳಿಯದೆ ಸ್ವಲ್ಪ ಹೊರಕ್ಕೆ ವಾಲುತ್ತದೆ. ಕೊಡವನ್ನೋ ಬಕೀಟನ್ನೋ ಹಿಡಿದು ನಡೆಯುವಾಗ ಅದು ತೊಡೆಗೆ ಬಡಿಯದಿರುವುದು ಈ ವಾಲುವಿಕೆಯಿಂದ. ವೈದ್ಯರು ಇದನ್ನು ಕ್ಯಾರಿಯಿಂಗ್ ಆ್ಯಂಗಲ್ ಎನ್ನುತ್ತಾರೆ. ಎಲ್ಲರಿಗೂ ಇರುತ್ತದೆ, ಹೆಂಗಸರಿಗೆ ಸಹಜವಾಗಿಯೇ ಸ್ವಲ್ಪ ಹೆಚ್ಚು. ಅದಕ್ಕಾಗಿಯೇ ಸೇನೆ ಪುರುಷರಿಗೆ 15 ಡಿಗ್ರಿ, ಮಹಿಳೆಯರಿಗೆ 18 ಡಿಗ್ರಿ ಎಂದು ಬೇರೆ ಬೇರೆ ಮಿತಿ ಇಟ್ಟಿದೆ. ಮಿತಿ ಏಕೆಂದರೆ, ಕಿರುಬೆರಳಿಗೂ ಉಂಗುರದ ಬೆರಳಿಗೂ ಹೋಗುವ ನರವು ಮೊಣಕೈಯ ಒಳಬದಿಯ ಮೂಳೆಯ ಹಿಂದಿನಿಂದ ಹಾದುಹೋಗುತ್ತದೆ. ಮೊಣಕೈ ಏನಕ್ಕಾದರೂ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದು ಇದೇ ನರ. ಕೋನ ಹೆಚ್ಚಿದಷ್ಟೂ ಆ ನರದ ಮೇಲಿನ ಎಳೆತ ಹೆಚ್ಚುತ್ತದೆ. ವರ್ಷಗಟ್ಟಲೆ ಭಾರ ಹೊತ್ತು ತೆವಳುವ ಕೆಲಸದಲ್ಲಿ ಬೆರಳುಗಳು ಜೋಮು ಹಿಡಿಯಬಹುದು, ಹಿಡಿತ ಸಡಿಲವಾಗಬಹುದು. ಇಂದು ಏನೂ ತೊಂದರೆಯಿಲ್ಲದ ಕೈಯನ್ನು ಮುಂದಿನ ತೊಂದರೆಯ ಲೆಕ್ಕ ಹಾಕಿ ಬೇಡವೆನ್ನುತ್ತಾರೆ, ಅಷ್ಟೆ.

ಆ ಅಷ್ಟೆ ಎಂಬುದನ್ನು ಅಕ್ಕನಿಗೆ ಹೇಳುವುದು ಹೇಗೆ? ಮಧ್ಯಾಹ್ನದ ಬಸ್ಸಿಗೆ ಬಂದವಳು ಮಗನ ಕೈಯನ್ನು ಹಿಡಿದು, ಮಗ್ಗುಲು ಬದಲಿಸಿ, ಬೆಳಕಿಗೆ ಹಿಡಿದು ನೋಡಿದಳು. “ಮೆಕ್ಕೆಜೋಳದ ಚೀಲ ಒಬ್ಬನೇ ಎತ್ತಿ ಟ್ರ್ಯಾಕ್ಟರಿಗೆ ಹಾಕೋ ಕೈ ಇದು, ಇದರಾಗೆ ಏನು ಸೊಟ್ಟ ಕಂಡಿತಂತೆ ಅವರಿಗೆ?” ಎಂದಳು. ಆಮೇಲೆ ನನ್ನನ್ನೂ ಎಬ್ಬಿಸಿ ನಿಲ್ಲಿಸಿ ಕೈ ಚಾಚಲು ಹೇಳಿದಳು. ನನ್ನ ಎರಡೂ ಕೈಗಳು ಮೊಣಕೈಯಿಂದ ಹೊರಕ್ಕೆ ವಾಲಿದ್ದವು, ಅವಳವೂ ಹಾಗೆಯೇ. “ನೋಡು, ಸೋದರಮಾವನ ಹೋಲಿಕೆ ಅಂತಿದ್ದರು ಹುಟ್ಟಿದಾಗ. ನಿನ್ನ ಕೈನೇ ಬಂದೈತೆ ಇವನಿಗೆ.” ಅವಳು ನಗುತ್ತಲೇ ಹೇಳಿದ್ದರೂ ನನಗೆ ಆ ಮಾತು ಚುಚ್ಚಿತು.

ವೇವರ್ ಎಂಬ ಪದವನ್ನು ಮನೆಯೊಳಗೆ ತಂದವನು ಹುಡುಗನೇ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ವೈದ್ಯಕೀಯ ದೋಷವಿದ್ದರೂ ವಿನಾಯಿತಿ ಕೊಟ್ಟು ಸೇನೆಗೆ ಸೇರಿಸಿಕೊಳ್ಳುತ್ತಾರಂತೆ, ಅರ್ಜಿ ಹಾಕೋಣ ಎಂದ. ವಿಡಿಯೋ ಸುಳ್ಳಾಗಿರಲಿಲ್ಲ, ಆದರೆ ಅದು ಅಮೆರಿಕದ ಮಾತು. ಅಲ್ಲಿ 1973ರಲ್ಲಿ ಕಡ್ಡಾಯ ಭರ್ತಿ ನಿಂತ ಮೇಲೆ ತಾವಾಗಿ ಬರುವವರಿಂದಲೇ ಸೇನೆ ತುಂಬಬೇಕು. 13ನೆಯ ಹುಟ್ಟುಹಬ್ಬದ ನಂತರವೂ ಆಸ್ತಮಾ ಇದ್ದವರು ಅಲ್ಲಿನ ನಿಯಮದ ಪ್ರಕಾರ ಅನರ್ಹರೇ. ಆದರೆ ಹಳೆಯ ಚಿಕಿತ್ಸೆಯ ದಾಖಲೆಗಳನ್ನೂ ಈಗಿನ ಉಸಿರಾಟದ ಪರೀಕ್ಷೆಯ ಫಲಿತಾಂಶವನ್ನೂ ಇಟ್ಟು ವಿನಾಯಿತಿ ಕೇಳಿದರೆ, ಅವರು ಸೇರಬಯಸುವ ಪಡೆಯು ಒಬ್ಬೊಬ್ಬರ ಕಡತವನ್ನೂ ಬೇರೆಯಾಗಿ ನೋಡಿ, ನಿಯಮ ಮುರಿದಿದ್ದರೂ ಇವನು ನಮಗೆ ಆಗುತ್ತಾನೆಯೇ ಎಂದು ತೀರ್ಮಾನಿಸುತ್ತದೆ. 2022ರಲ್ಲಿ ಅಲ್ಲಿನ ಭೂಸೇನೆ 60,000 ಮಂದಿಯನ್ನು ಸೇರಿಸಿಕೊಳ್ಳಲು ಹೊರಟು ಸುಮಾರು 15,000 ಮಂದಿ ಕಡಿಮೆ ಬಿದ್ದರು. ಅದೇ ವರ್ಷ ಜೂನ್ 14ರಂದು ನಮ್ಮಲ್ಲಿ ಅಗ್ನಿವೀರರನ್ನು ಭರ್ತಿ ಮಾಡುವ ಅಗ್ನಿಪಥ ಯೋಜನೆ ಪ್ರಕಟವಾಯಿತು. ವಾಯುಪಡೆಯೊಂದಕ್ಕೇ ಮೊದಲ ಸಲ 7,49,899 ಅರ್ಜಿಗಳು ಬಂದವು, ಹುದ್ದೆಗಳಿದ್ದದ್ದು ಸುಮಾರು 3,000. ಜನ ಸಾಲದ ಸೇನೆ ನಿಯಮವನ್ನು ಸಡಿಲಿಸಬಹುದು. ಒಂದು ಹುದ್ದೆಗೆ ನೂರಾರು ಹುಡುಗರು ಸಾಲುಗಟ್ಟಿ ನಿಂತಿರುವಲ್ಲಿ ಸಡಿಲಿಸುವ ಅಗತ್ಯ ಯಾರಿಗೂ ಇಲ್ಲ. ನಾನು ಇದನ್ನು ಹುಡುಗನಿಗೆ ಹೇಳಿದಾಗ ಅವನು ಒಪ್ಪಲಿಲ್ಲ.

ಅವನ ಬಳಿ ಇನ್ನೊಂದು ಆಧಾರವಿತ್ತು. ನಮ್ಮ ಸೇನೆಯ ಅಧಿಸೂಚನೆಯಲ್ಲೂ ವಿನಾಯಿತಿ ಎಂಬುದಿದೆ ಎಂದು ತೆರೆದು ತೋರಿಸಿದ. ಇದೆ, ನಿಜ. ಸೈನಿಕರ, ಮಾಜಿ ಸೈನಿಕರ, ಯುದ್ಧದಲ್ಲಿ ಮಡಿದವರ ಮಕ್ಕಳಿಗೆ ಎತ್ತರದಲ್ಲಿ 2 ಸೆಂಟಿಮೀಟರ್, ಎದೆಯಳತೆಯಲ್ಲಿ 1 ಸೆಂಟಿಮೀಟರ್, ತೂಕದಲ್ಲಿ 2 ಕಿಲೋ ಬಿಡುತ್ತಾರೆ. ಒಳ್ಳೆಯ ಕ್ರೀಡಾಪಟುಗಳಿಗೂ ಇಂಥದ್ದೇ ಒಂದು ರಿಯಾಯಿತಿ ಇದೆ. ಆದರೆ ಇದು ಮೈದಾನದ ಅಳತೆಗೆ ಮಾತ್ರ. ವೈದ್ಯರ ಕೋಣೆಯೊಳಗೆ ಯಾರ ಮಗನಿಗೂ ರಿಯಾಯಿತಿಯಿಲ್ಲ. ಅಲ್ಲಿರುವುದು ಮರುಪರೀಕ್ಷೆ, ಹುಡುಗರ ಬಾಯಲ್ಲಿ ರಿವ್ಯೂ. ವಿನಾಯಿತಿ ಎಂದರೆ ‘ದೋಷವಿದೆ, ಆದರೂ ಬಾ’ ಎನ್ನುವುದು. ಮರುಪರೀಕ್ಷೆ ಎಂದರೆ ‘ದೋಷವಿದೆಯೋ ಇಲ್ಲವೋ ಇನ್ನೊಮ್ಮೆ ನೋಡೋಣ’ ಎನ್ನುವುದು. ಮೊದಲನೆಯದರಲ್ಲಿ ಕೇಳಿಕೊಳ್ಳಬಹುದು, ಎರಡನೆಯದರಲ್ಲಿ ಕೇಳಿಕೊಳ್ಳುವುದಕ್ಕೆ ಏನೂ ಇಲ್ಲ. ಅಧಿಕಾರಿ ಹುದ್ದೆಗೆ ಸೇನೆಯ ಆಯ್ಕೆ ಮಂಡಳಿಯಾದ ಎಸ್‌ಎಸ್‌ಬಿಯ ಸಂದರ್ಶನ ಗೆದ್ದು ವೈದ್ಯಕೀಯದಲ್ಲಿ ಬಿದ್ದವರಿಗೆ 42 ದಿನಗಳೊಳಗೆ ಮೇಲ್ಮನವಿ ಮಂಡಳಿಯ ಮುಂದೆ ನಿಲ್ಲುವ ಅವಕಾಶವಿದೆ. ಆ ದಿನಗಳಲ್ಲಿ ಸಣ್ಣಪುಟ್ಟ ಚಿಕಿತ್ಸೆಯನ್ನಾದರೂ ಮುಗಿಸಿಕೊಳ್ಳಬಹುದು. ಜವಾನರಾಗಲು ಹೊರಟವರಿಗೆ ಸಿಗುವ ಕಾಲ ತೀರಾ ಕಡಿಮೆ.

ಐದು ದಿನಗಳಲ್ಲಿ ಏನು ಸರಿಯಾಗುತ್ತದೆ? ಕಿವಿಯ ಗುಗ್ಗೆ ಸರಿಯಾಗುತ್ತದೆ. ಮರುದಿನವೇ ಕಿವಿ ಮೂಗು ಗಂಟಲಿನ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಬೆಚ್ಚನೆಯ ನೀರನ್ನು ಪಿಚಕಾರಿಯಿಂದ ಕಿವಿಗೆ ಬಿಟ್ಟು ಹತ್ತೇ ನಿಮಿಷದಲ್ಲಿ ಎರಡೂ ಕಡೆಯ ಗುಗ್ಗೆಯನ್ನು ತಟ್ಟೆಗೆ ಇಳಿಸಿದರು. ಹುಡುಗ ಹೊರಗೆ ಬಂದವನೇ, ಪಿ.ಬಿ. ರಸ್ತೆಯಲ್ಲಿ ಇಷ್ಟು ಸದ್ದಿರುತ್ತದೆ ಎಂದು ಗೊತ್ತೇ ಇರಲಿಲ್ಲ ಎಂದ. ಆದರೆ ಹೈಡ್ರೋಸೀಲ್ (ವೃಷಣದ ಸುತ್ತ ನೀರು ತುಂಬುವುದು), ವೆರಿಕೋಸೀಲ್ (ಅಲ್ಲಿನ ರಕ್ತನಾಳಗಳ ಊತ), ಮೂಲವ್ಯಾಧಿ, ಮೂಗಿನ ನಡುಗೋಡೆ ವಾಲಿರುವುದು, ಇಂಥವೆಲ್ಲ ಶಸ್ತ್ರಚಿಕಿತ್ಸೆಯಿಂದ ಸರಿಹೋದರೂ ಗಾಯ ಮಾಗಲು ವಾರಗಳೇ ಬೇಕು. ಇವನ್ನು ರ‍್ಯಾಲಿಗೆ ಮೂರ‍್ನಾಲ್ಕು ತಿಂಗಳು ಮೊದಲೇ ಕಂಡುಕೊಂಡಿದ್ದರೆ ಯಾವ ಚೀಟಿಯೂ ಬೇಕಾಗುವುದಿಲ್ಲ. ಕಾಲು ಜೋಡಿಸಿ ನಿಂತಾಗ ಮೊಣಕಾಲುಗಳು ತಗುಲಿ ಹಿಮ್ಮಡಿಗಳ ಬಳಿ 5 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಉಳಿಯುತ್ತದೆಯೇ ಎಂಬುದನ್ನು ಮನೆಯ ಪಟ್ಟಿಯಲ್ಲೇ ಅಳೆಯಬಹುದು. ಒದ್ದೆ ಪಾದವನ್ನು ಕಡಪಾ ಕಲ್ಲಿನ ಮೇಲಿಟ್ಟರೆ ಪಾದದ ನಡುವೆ ಬಿಲ್ಲಿನಂಥ ಖಾಲಿ ಜಾಗ ಮೂಡುತ್ತದೆಯೇ ಇಲ್ಲವೇ, ಅಂದರೆ ಪಾದ ಚಪ್ಪಟೆಯೇ ಅಲ್ಲವೇ ಎಂಬುದು ಗೊತ್ತಾಗುತ್ತದೆ. ಹುಡುಗ ಹೋಗುತ್ತಿದ್ದ ತರಬೇತಿ ಕೇಂದ್ರದವರು ಎರಡು ವರ್ಷ ಶುಲ್ಕ ತೆಗೆದುಕೊಂಡರು, ಓಡಿಸಿದರು, ಬೀಮ್ ಎಳೆಸಿದರು, ಪ್ರವೇಶ ಪರೀಕ್ಷೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದರು. ಒಂದು ದಿನವೂ ಯಾವ ಹುಡುಗನ ಕೈಯನ್ನೂ ಚಾಚಿಸಿ ನೋಡಲಿಲ್ಲ. ಅಳೆದು ಹೇಳಿದರೆ ಅರ್ಧದಷ್ಟು ಹುಡುಗರು ಬಿಟ್ಟುಹೋಗುತ್ತಾರೆಂಬ ಭಯವೋ ಏನೋ. ನಾನೂ ಮನೆಯಲ್ಲೇ ಇದ್ದವನು, ನಾನೂ ನೋಡಲಿಲ್ಲವಲ್ಲ.

ಆ ಸಂಜೆ ಶಾಲೆಯಿಂದ ಕಪ್ಪುಹಲಗೆಯ ಮೇಲೆ ಬಳಸುವ ಮರದ ದೊಡ್ಡ ಕೋನಮಾಪಕವನ್ನು ಮನೆಗೆ ತಂದೆ. ಅದರ ಹಿಡಿಯ ಬಳಿ ಸೀಮೆಸುಣ್ಣದ ಬಿಳಿ ಇನ್ನೂ ಇತ್ತು. ಹುಡುಗನನ್ನು ಅಂಗಿ ತೆಗೆಸಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಸ್ಕೆಚ್ ಪೆನ್ನಿನಿಂದ ಮೂರು ಚುಕ್ಕೆ ಇಟ್ಟೆ. ಒಂದು ತೋಳಿನ ಮೇಲ್ತುದಿಯ ನಡುವೆ, ಒಂದು ಮೊಣಕೈ ಮಡಿಕೆಯ ಮಧ್ಯದಲ್ಲಿ, ಮತ್ತೊಂದು ಮಣಿಕಟ್ಟಿನ ಮಧ್ಯದಲ್ಲಿ. ಮೇಲಿನ ಎರಡು ಚುಕ್ಕೆಗಳ ನೇರಕ್ಕೆ ದಾರ ಹಿಡಿಯಲು ನನ್ನ ಹೆಂಡತಿ, ಕೆಳಗಿನ ದಾರ ಹಿಡಿಯಲು ಅಕ್ಕ. ಮೊದಲ ಸಲ 17 ಬಂತು. ಎರಡನೆಯ ಸಲ 16. ಮೂರನೆಯ ಸಲ 18. ಒಂದೇ ಕೈ, ಒಂದೇ ದಾರ, ಅಳೆಯುವವನೂ ಒಬ್ಬನೇ, ಆದರೂ ಸಂಖ್ಯೆ ನಿಲ್ಲಲಿಲ್ಲ. ಅಂಗೈ ಒಂದಿಷ್ಟು ಒಳಕ್ಕೆ ತಿರುಗಿದರೆ ಕೋನ ಕುಗ್ಗುತ್ತದೆ, ಮೊಣಕೈ ಸ್ವಲ್ಪ ಮಡಿಸಿದರೂ ಕುಗ್ಗುತ್ತದೆ, ಭುಜ ತಿರುಗಿದರೆ ಚುಕ್ಕೆಯೇ ಜಾಗ ಬಿಡುತ್ತದೆ. ಚರ್ಮದ ಮೇಲಿನ ಚುಕ್ಕೆ ಒಳಗಿರುವ ಮೂಳೆಯ ಅಕ್ಷವಲ್ಲ. ಹತ್ತು ಸಲ ಅಳೆದು ಗ್ರಾಫ್ ಪುಸ್ತಕದಲ್ಲಿ ಬರೆದುಕೊಂಡೆ: 17, 16, 18, 16, 17, 14, 16, 17, 15, 17. ಆರನೆಯ ಸಲದ ಆ 14, ಬಾಗಿಲಲ್ಲಿ ಯಾರೋ ಕರೆದಾಗ ಹುಡುಗ ತಿರುಗಿ ನೋಡಿ ಅಂಗೈ ಜಾರಿಸಿದ್ದರಿಂದ ಬಂದದ್ದು.

ರ‍್ಯಾಲಿಯ ವೈದ್ಯರ 17ಕ್ಕೂ ಸೇನೆಯ 15ಕ್ಕೂ ಇರುವ ಅಂತರ ಎರಡು ಡಿಗ್ರಿ. ಮೊಣಕೈಯಿಂದ ಮಣಿಕಟ್ಟಿನವರೆಗೆ 25 ಸೆಂಟಿಮೀಟರ್ ಇರುವ ಕೈಯಲ್ಲಿ ಎರಡು ಡಿಗ್ರಿ ಎಂದರೆ ಮಣಿಕಟ್ಟು ಸುಮಾರು 9 ಮಿಲಿಮೀಟರ್ ಹೊರಕ್ಕೆ ಸರಿದಂತೆ. ಕಿರುಬೆರಳಿನ ಅಗಲಕ್ಕಿಂತಲೂ ಕಡಿಮೆ. ನಾನು ಆ ಲೆಕ್ಕವನ್ನು ಹಾಳೆಯಲ್ಲಿ ಮಾಡಿ ಅಕ್ಕನಿಗೆ ತೋರಿಸಿದೆ. ಅಷ್ಟು ಸಣ್ಣ ಅಂತರ ಅಳತೆಯ ತಪ್ಪಿನಿಂದಲೇ ಬಂದಿರಬಹುದು, ಮರುಪರೀಕ್ಷೆಯಲ್ಲಿ ಸರಿಹೋಗಬಹುದು ಎಂದೆ. ಹುಡುಗ “ನಿಮಗೆ ಎಷ್ಟು ಬಂತು ಮಾವ?” ಎಂದು ಕೇಳಿದ. “ಹದಿನಾಲ್ಕೂ ಬಂದಿದೆ” ಎಂದೆ. ಅದು ಸುಳ್ಳಲ್ಲ. ಆದರೆ ಹತ್ತು ಅಳತೆಗಳಲ್ಲಿ ಬೇಕಾದ ಒಂದನ್ನು ಆರಿಸಿಕೊಂಡು ಉಳಿದವನ್ನು ಬಿಡುವ ವಿದ್ಯಾರ್ಥಿಯ ಉತ್ತರಪತ್ರಿಕೆಗೆ ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುತ್ತೇನೆ.

ನಾಲ್ಕು ದಿನಗಳಲ್ಲಿ ಹುಡುಗನ ಗೆಳೆಯರು ಹೇಳಿದ ಉಪಾಯಗಳಿಗೆ ಲೆಕ್ಕವಿರಲಿಲ್ಲ. ಮರಳು ತುಂಬಿದ ಬಕೀಟನ್ನು ಅರ್ಧ ಗಂಟೆ ಹಿಡಿದು ನಿಂತರೆ ಕೈ ನೇರವಾಗುತ್ತದಂತೆ. ರಾತ್ರಿ ಮಲಗುವಾಗ ಕೈಗೆ ಬಿದಿರಿನ ದಬ್ಬೆ ಕಟ್ಟಿಕೊಂಡರೆ ಎರಡು ಡಿಗ್ರಿ ಇಳಿಯುತ್ತದಂತೆ. ಎಲುಬು ಕೀಲಿನ ವೈದ್ಯರೊಬ್ಬರಲ್ಲಿ ಕೇಳಿದೆ. ಅವರು ಎಕ್ಸ್‌ರೇ ತೆಗೆಸಿ ನೋಡಿ, ಹಳೆಯ ಮುರಿತವೇನೂ ಇಲ್ಲ, ಹುಟ್ಟಿನಿಂದ ಬಂದ ಆಕಾರ, ಬೆಳವಣಿಗೆ ಮುಗಿದ ಮೂಳೆ ಯಾವ ವ್ಯಾಯಾಮಕ್ಕೂ ಬಗ್ಗುವುದಿಲ್ಲ ಎಂದರು. ಮೂಳೆಯನ್ನು ಕತ್ತರಿಸಿ ಕೋನ ತಿದ್ದುವ ಶಸ್ತ್ರಚಿಕಿತ್ಸೆ ಇದೆ, ಆದರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಕೈಯನ್ನು ನಾನಂತೂ ಮುಟ್ಟುವುದಿಲ್ಲ, ಒಳಗೆ ಪ್ಲೇಟು ಸ್ಕ್ರೂ ಕೂತರೆ ಸೇನೆಯವರಿಗೆ ಅದೇ ಇನ್ನೊಂದು ಕಾರಣವಾಗುತ್ತದೆ ಎಂದೂ ಹೇಳಿದರು. ಎಷ್ಟು ಡಿಗ್ರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು.

ಮೂರನೆಯ ದಿನ ಅಕ್ಕ ಕೊರಳಿನ ಸರ ತೆಗೆದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಕೂತಿದ್ದಳು. ವಿಚಾರಿಸಿದಾಗ, ಊರಿನ ಪರಿಚಯದವರೊಬ್ಬರ ಮೂಲಕ ಒಬ್ಬಾತ ಫೋನು ಮಾಡಿದ್ದನಂತೆ. ರಿವ್ಯೂನಲ್ಲಿ ತನಗೆ ಒಳಗಿನವರು ಗೊತ್ತು, ಎರಡು ಲಕ್ಷ ಕೊಟ್ಟರೆ ಪಾಸು ಮಾಡಿಸುತ್ತೇನೆ, ಆಗದಿದ್ದರೆ ಒಂದು ಪೈಸೆಯೂ ಇಟ್ಟುಕೊಳ್ಳದೆ ಹಿಂದಿರುಗಿಸುತ್ತೇನೆ ಎಂದಿದ್ದನಂತೆ. ಆಗದಿದ್ದರೆ ಹಿಂದಕ್ಕೆ ಕೊಡುತ್ತಾನಲ್ಲ, ನಮಗೇನು ನಷ್ಟ ಎಂಬುದು ಅವಳ ವಾದ. ಇಡೀ ಪ್ರಸಂಗದಲ್ಲಿ ನನ್ನ ಗಣಿತ ಯಾರಿಗಾದರೂ ಉಪಯೋಗಕ್ಕೆ ಬಂದಿದ್ದರೆ ಅದು ಇಲ್ಲಿ. ಹಿಟ್ಟಿನ ಡಬ್ಬಿಯಿಂದ ಹತ್ತು ಕಡಲೆಕಾಳು ತೆಗೆದು ಅವಳ ಮುಂದೆ ಸಾಲಾಗಿಟ್ಟೆ. ಇವರು ಹತ್ತು ಹುಡುಗರು, ಹತ್ತು ಮಂದಿಯೂ ಅವನಿಗೆ ಎರಡೆರಡು ಲಕ್ಷ ಕೊಟ್ಟಿದ್ದಾರೆ. ಅವನು ಮನೆಯಲ್ಲಿ ಮಲಗಿರುತ್ತಾನೆ. ಗುಗ್ಗೆ ತೆಗೆಸಿಕೊಂಡವರು, ಹಲ್ಲು ತುಂಬಿಸಿಕೊಂಡವರು, ರ‍್ಯಾಲಿಯಲ್ಲಿ ಅಳತೆ ತಪ್ಪಿದವರು ಎಂದು ಒಂದು ನಾಲ್ಕು ಮಂದಿ ಹೇಗೂ ಪಾಸಾಗುತ್ತಾರೆ. ಆರು ಮಂದಿಗೆ ಹಣ ಹಿಂದಿರುಗಿಸಿ ಪ್ರಾಮಾಣಿಕ ಎನಿಸಿಕೊಳ್ಳುತ್ತಾನೆ, ನಾಲ್ವರ ಎಂಟು ಲಕ್ಷ ಅವನಿಗೆ ಉಳಿಯುತ್ತದೆ. ಅವನು ಯಾರನ್ನೂ ನೋಡಿಲ್ಲ, ಯಾರಿಗೂ ಫೋನು ಮಾಡಿಲ್ಲ. ಅಕ್ಕ ಬಹಳ ಹೊತ್ತು ಕಾಳುಗಳನ್ನು ನೋಡಿದಳು. ಕೊನೆಗೆ ಅವನ್ನು ಬಳಿದು ಡಬ್ಬಿಗೆ ಹಾಕಿ, ಸರವನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. ನಂಬಿದಳೋ, ಎದುರು ಹೇಳಲಾಗದೆ ಸುಮ್ಮನಾದಳೋ, ಇಂದಿಗೂ ನನಗೆ ತಿಳಿಯದು.

ನಾಲ್ಕನೆಯ ರಾತ್ರಿಯ ರೈಲಿಗೆ ಹೊರಟು ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆವು. ಆಸ್ಪತ್ರೆಯ ಗೇಟಿನೊಳಗೆ ಅಭ್ಯರ್ಥಿಗಳಿಗಷ್ಟೇ ಪ್ರವೇಶ. ಜೊತೆಗೆ ಬಂದವರೆಲ್ಲ ರಸ್ತೆಯ ಆಚೆ ಮಳೆಮರವೊಂದರ ಕೆಳಗೆ ಪೇಪರು ಹಾಸಿಕೊಂಡು ಕೂತಿದ್ದೆವು. ನನ್ನ ಪಕ್ಕದಲ್ಲಿದ್ದ ಹೊಸದುರ್ಗದ ಕಡೆಯ ಯಜಮಾನರೊಬ್ಬರ ಮಗನಿಗೆ ಹೈಡ್ರೋಸೀಲ್ ಎಂದು ಬರೆದಿದ್ದರು. ರ‍್ಯಾಲಿಯಿಂದ ಬಂದ ಮರುದಿನವೇ ಆಪರೇಷನ್ ಮಾಡಿಸಿ, ಹೊಲಿಗೆ ಒಣಗುವ ಮೊದಲೇ ಕರೆತಂದಿದ್ದರು. “ತೆಗೆಸಿದೀವಲ್ಲ ಸಾರ್, ಇನ್ನೇನಂತಾರೆ?” ಎಂದು ನನ್ನನ್ನು ಕೇಳಿದರು. ಹಸಿಗಾಯದ ಹುಡುಗನನ್ನು ಒಳಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ನನಗೆ ತಿಳಿದಿತ್ತು, ಹೇಳಲು ನಾಲಿಗೆ ಏಳಲಿಲ್ಲ. ಅವರು ಕಟ್ಟಿಸಿಕೊಂಡು ಬಂದಿದ್ದ ಚಿತ್ರಾನ್ನದಲ್ಲಿ ಅರ್ಧವನ್ನು ಎಲೆಗೆ ಹಾಕಿ ನನಗೆ ಕೊಟ್ಟರು.

ಒಳಗೆ ನಡೆದದ್ದನ್ನು ಹುಡುಗ ಹೇಳಿದಂತೆ ಬರೆಯುತ್ತಿದ್ದೇನೆ. ಕಿವಿಯ ವೈದ್ಯರು ಎರಡೂ ಕಿವಿಗಳನ್ನು ದೀಪ ಹಾಕಿ ನೋಡಿ, ತಡವಿಲ್ಲದೆ ಸರಿಯಿದೆ ಎಂದು ಬರೆದರು. ಮೂಳೆಯ ವೈದ್ಯರು ಅವನನ್ನು ನಿಲ್ಲಿಸಿ, ಅಂಗೈಯನ್ನು ತಾವೇ ಪೂರ್ತಿ ಮುಂದಕ್ಕೆ ತಿರುಗಿಸಿ, ಮೊಣಕೈಯನ್ನು ತಾವೇ ನೇರ ಮಾಡಿ ಹಿಡಿದು, ಎರಡು ಕಡ್ಡಿಗಳನ್ನು ಜೋಡಿಸಿದಂತಿರುವ ಗೋನಿಯೋಮೀಟರ್ ಇಟ್ಟು ಅಳೆದರು. ಒಮ್ಮೆ ಕೂತು, ಒಮ್ಮೆ ಎದ್ದು ನಿಂತು. ಎರಡು ಸಲವೂ 17. ಬಲಗೈ ಮಿತಿಯೊಳಗಿತ್ತು. ಹಿಂದಿಯಲ್ಲಿ ಏನೋ ಹೇಳಿ ಬೆನ್ನು ತಟ್ಟಿದರಂತೆ. ಬಾಗಿಲ ಬಳಿಯಿದ್ದ ಹವಾಲ್ದಾರರೊಬ್ಬರು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರಂತೆ: ಕೈಯಲ್ಲಿ ರೋಗವಿಲ್ಲ, ಇದೇ ಕೈಯಲ್ಲಿ ಬೇರೆ ಯಾವ ಕೆಲಸವನ್ನಾದರೂ ಮಾಡಬಹುದು, ನಮ್ಮ ಕೆಲಸಕ್ಕೆ ಮಾತ್ರ ಆಗುವುದಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಹೊರಗೆ ಬಂದ. ಈ ಸಲದ ಚೀಟಿಯಲ್ಲಿ ಮುಂದಿನ ದಿನಾಂಕವಿರಲಿಲ್ಲ, ಖಾಯಂ ಅನರ್ಹ ಎಂದಿತ್ತು.

ಅವರು ಅನ್ಯಾಯ ಮಾಡಿದರೆಂದು ನನಗೆ ಅನ್ನಿಸಲಿಲ್ಲ, ಆ ದಿನವೂ ಅನ್ನಿಸಲಿಲ್ಲ. ಮೈದಾನದ ಗಡಿಬಿಡಿಯಲ್ಲಿ ಒಬ್ಬರು ಕಂಡ ಸಂಖ್ಯೆಯನ್ನೇ ಶಾಂತವಾದ ಕೋಣೆಯಲ್ಲಿ ಇನ್ನೊಬ್ಬರು ಕಂಡರು. ಮರುಪರೀಕ್ಷೆ ಮಾಡಬೇಕಾದ ಕೆಲಸವನ್ನೇ ಮಾಡಿತು. ಅದರಿಂದ ನಾವು ನಿರೀಕ್ಷಿಸಿದ್ದು ಬೇರೆ ಕೆಲಸವನ್ನು. ದಲ್ಲಾಳಿಯ ಕೈಗೆ ಹಣ ಕೊಡದೆ ದೊಡ್ಡ ಮನುಷ್ಯನಾದ ನಾನೂ, ಅವರ ಉಪಕರಣ ಎರಡು ಡಿಗ್ರಿ ತಪ್ಪಲಿ ಎಂದು ರಾತ್ರಿಯಿಡೀ ರೈಲಿನಲ್ಲಿ ಹಾರೈಸುತ್ತಲೇ ಹೋಗಿದ್ದೆ.

ಹಿಂದಿರುಗುವಾಗ ಸಂಜೆಯ ರೈಲು. ಅರಸೀಕೆರೆಯವರೆಗೆ ಅವನು ಮಾತನಾಡಲಿಲ್ಲ, ಕಡೂರಿನಲ್ಲಿ ನಾನು ಕೊಂಡ ಕಡಲೆಕಾಯಿಯ ಪೊಟ್ಟಣವನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡಿದ್ದ. ಚಿಕ್ಕಜಾಜೂರಿನಲ್ಲಿ ರೈಲು ನಿಂತಾಗ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದ.

“ಮಾವ, ನೀವು ಅಳೆದಾಗ ಹದಿನಾಲ್ಕು ಬಂದಿತ್ತಲ್ವಾ?”

ಗ್ರಾಫ್ ಪುಸ್ತಕ ನನ್ನ ಕೈಚೀಲದಲ್ಲೇ ಇತ್ತು. ಯಾರಿಗಾದರೂ ತೋರಿಸಬೇಕಾಗಿ ಬರಬಹುದೆಂದು ತೆಗೆದುಕೊಂಡು ಹೋಗಿದ್ದೆ. ಆ ಪುಟ ತೆಗೆದು ಅವನ ಕೈಗೆ ಕೊಟ್ಟೆ. ಅವನು ಹತ್ತು ಸಂಖ್ಯೆಗಳ ಮೇಲೂ ಬೆರಳಿಡುತ್ತ, ಚಿಕ್ಕವನಿದ್ದಾಗ ನಾನು ಕಲಿಸಿದಂತೆಯೇ ತುಟಿ ಅಲ್ಲಾಡಿಸುತ್ತ ಕೂಡಿದ.

“ನೂರಾ ಅರವತ್ತಮೂರು,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಸರಾಸರಿ ಹದಿನಾರು ಪಾಯಿಂಟ್ ಮೂರು.”

“ಹೌದು ಕಣಪ್ಪ,” ಎಂದೆ.

ಅವನು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು, ಹತ್ತರ ಕೆಳಗೆ ಹನ್ನೊಂದು, ಹನ್ನೆರಡು ಎಂದು ಕ್ರಮಸಂಖ್ಯೆ ಹಾಕಿ, ಎರಡರ ಮುಂದೆಯೂ 17 ಎಂದು ಬರೆದು ದಿನಾಂಕ ಹಾಕಿದ. ಪುಸ್ತಕ ಮುಚ್ಚಿ ನನಗೆ ಕೊಟ್ಟು, ಕಡಲೆಕಾಯಿಯ ಪೊಟ್ಟಣ ಬಿಚ್ಚಿ ಮೊದಲ ಮುಷ್ಟಿಯನ್ನು ನನ್ನ ಕಡೆಗೆ ಚಾಚಿದ. ಎಡಗೈಯಲ್ಲಿ ಚಾಚಿದವನು, ನೆನಪಾದಂತೆ ಬಲಗೈಗೆ ಬದಲಾಯಿಸಿಕೊಂಡ.